ಲ್ಯಾಪ್‌ಟಾಪ್‌ನಿಂದ ಸರೌಂಡ್ ಸೌಂಡ್ ಮತ್ತು ಒಳ್ಳೆಯ ಧ್ವನಿ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಲ್ಯಾಪ್‌ಟಾಪ್ ದುರಸ್ತಿ ಮಾಡುವ ನನ್ನ ಬಳಿಗೆ ಒಡೆದ ಪರದೆ, ಉಬ್ಬಿದ ಬ್ಯಾಟರಿಯ ದೂರು ಹೊತ್ತು ಬರುವವರ ಜೊತೆಗೆ ಧ್ವನಿಯ ದೂರು ಹೊತ್ತು ಬರುವವರೂ ಅನೇಕರಿದ್ದಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವಾದ್ದರಿಂದ ಅವುಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಎಲ್ಲ ಉತ್ತರಗಳಿಗೂ ಆಧಾರವಾದ ಮಾತು ಒಂದೇ: ಫೈಲ್, ಪ್ಲೇಯರ್, ಕೇಬಲ್, ಆಂಪ್ಲಿಫೈಯರ್ ಈ ನಾಲ್ಕೂ ಆರು ಚಾನಲ್‌ಗಳನ್ನು, ಅಂದರೆ ಒಂದೊಂದು ಸ್ಪೀಕರ್‌ಗೆ ಮೀಸಲಾದ ಧ್ವನಿಯ ಎಳೆಗಳನ್ನು, ಬೇರೆಬೇರೆಯಾಗಿ ದಾಟಿಸಿದರೆ ಮಾತ್ರ ಸ್ಪೀಕರ್‌ಗಳಲ್ಲಿ ಸರೌಂಡ್ ಸೌಂಡ್, ಅಂದರೆ ಸುತ್ತಲಿನಿಂದ ಬೇರೆಬೇರೆ ಧ್ವನಿ, ಬರುತ್ತದೆ. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಆರು ಎರಡಕ್ಕೆ ಇಳಿದರೂ ಅದರ ಮುಂದೆ ಎಷ್ಟು ಸ್ಪೀಕರ್ ಇಟ್ಟರೂ ಪ್ರಯೋಜನವಿಲ್ಲ.

ಹೊಸ ಲ್ಯಾಪ್‌ಟಾಪ್ ಆದರೂ ಧ್ವನಿ ಏಕೆ ಇಷ್ಟು ತೆಳುವಾಗಿ ಕೇಳಿಸುತ್ತದೆ?

ಲ್ಯಾಪ್‌ಟಾಪ್‌ನೊಳಗಿನ ಸ್ಪೀಕರನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದಾಗ ಬಹಳ ಜನ ಬೆರಗಾಗುತ್ತಾರೆ. ಬೆರಳುದ್ದದ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿ, ಅದರಲ್ಲೊಂದು ಪುಟ್ಟ ಪೊರೆ, ಅದಕ್ಕೆ ಸಿಗುವ ಶಕ್ತಿ ಸಾಮಾನ್ಯವಾಗಿ ಎರಡು ವಾಟ್‌ನ ಆಸುಪಾಸು. ತಗ್ಗಿನ ಸ್ವರ ಹುಟ್ಟಬೇಕಾದರೆ ಪೊರೆಯು ಹೆಚ್ಚು ಗಾಳಿಯನ್ನು ತಳ್ಳಬೇಕು. ಇಷ್ಟು ಚಿಕ್ಕ ಪೊರೆಗೆ ಅದು ಸಾಧ್ಯವಿಲ್ಲದ ಕಾರಣ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಕ್ಷೀಣಿಸುತ್ತ ಹೋಗುತ್ತದೆ. ಡೊಳ್ಳಿನ ಪೆಟ್ಟು ಡಬ್ಬಿ ತಟ್ಟಿದಂತೆ ಕೇಳಿಸುವುದು ಇದೇ ಕಾರಣಕ್ಕೆ. ಇದು ಯಂತ್ರದ ದೋಷವಲ್ಲ, ಗಾತ್ರದ ಮಿತಿ. ಹಾಗಾಗಿ ಸಾಫ್ಟ್‌ವೇರ್ ಹಾಕಿ ಬೇಸ್ ಹೆಚ್ಚಿಸಿಕೊಡಿ ಎಂದು ಕೇಳುವವರಿಗೆ, ಇಲ್ಲದ್ದನ್ನು ಹೆಚ್ಚಿಸಲು ಹೋದರೆ ಪೊರೆ ಕರಕರ ಎನ್ನತೊಡಗುತ್ತದೆ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ.

ಖರ್ಚಿಲ್ಲದೆ ಏನಾದರೂ ಸುಧಾರಣೆ ಮಾಡಿಕೊಳ್ಳಬಹುದೇ?

ಖಂಡಿತ ಮಾಡಿಕೊಳ್ಳಬಹುದು. ಲ್ಯಾಪ್‌ಟಾಪನ್ನು ಒಮ್ಮೆ ಬೋರಲು ಹಾಕಿ ನೋಡಿ. ಮುಂಭಾಗದ ಎರಡು ಮೂಲೆಗಳಲ್ಲಿ ಸಣ್ಣ ತೂತುಗಳ ಸಾಲು ಕಂಡರೆ ನಿಮ್ಮ ಸ್ಪೀಕರ್‌ಗಳು ಕೆಳಮುಖವಾಗಿವೆ ಎಂದರ್ಥ. ಅಂಥ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ತೊಡೆಯ ಮೇಲೋ ಇಟ್ಟುಕೊಂಡರೆ ಬಟ್ಟೆಯೇ ಅದರ ಬಾಯಿ ಮುಚ್ಚುತ್ತದೆ. ಗಟ್ಟಿ ಮೇಜಿನ ಮೇಲಿಟ್ಟರೆ, ಅಥವಾ ಹಾಸಿಗೆಯ ಮೇಲೆಯೇ ಬೇಕೆಂದರೆ ಅಗಲವಾದ ಮರದ ಹಲಗೆಯೊಂದನ್ನು ಕೆಳಗೆ ಕೊಟ್ಟರೆ, ಧ್ವನಿಯು ಹಲಗೆಗೆ ಬಡಿದು ಹೊರಗೆ ಬರುತ್ತದೆ. ಈ ವ್ಯತ್ಯಾಸ ಯಾರ ಕಿವಿಗೂ ತಿಳಿಯುವಂಥದ್ದು. ತೂತುಗಳಲ್ಲಿ ಧೂಳು ಕಟ್ಟಿದ್ದರೆ ಮೃದುವಾದ ಒಣ ಬ್ರಷ್‌ನಿಂದ ಸವರಿ ತೆಗೆಯಬೇಕು. ಗುಂಡುಸೂಜಿ ಹಾಕಿ ಕೆದಕಬಾರದು, ಒಳಗಿನ ಪೊರೆ ಹರಿಯುತ್ತದೆ.

ಇನ್ನು ಸೆಟ್ಟಿಂಗ್‌ಗಳ ವಿಚಾರ. ವಿಂಡೋಸ್‌ನಲ್ಲಿ ಸ್ಪೀಕರ್‌ನ ಪ್ರಾಪರ್ಟೀಸ್ ತೆರೆದಾಗ ಎನ್‌ಹಾನ್ಸ್‌ಮೆಂಟ್ಸ್ ಎಂಬ ಭಾಗ ಕಂಡರೆ ಅಲ್ಲಿರುವ ಲೌಡ್‌ನೆಸ್ ಈಕ್ವಲೈಸೇಷನ್ ಆಯ್ಕೆಯನ್ನು ಪ್ರಯತ್ನಿಸಿ. ಅದು ಮೆಲುದನಿಯನ್ನು ಏರಿಸಿ ಅಬ್ಬರವನ್ನು ತಗ್ಗಿಸುವುದರಿಂದ ಪಾಠ, ಭಾಷಣ, ಸಂಭಾಷಣೆ ಕೇಳುವವರಿಗೆ ಬಹಳ ಉಪಕಾರಿ. ಸಂಗೀತಕ್ಕೆ ಮಾತ್ರ ಅದನ್ನು ಬಳಸಬೇಡಿ, ಹಾಡಿನ ಏರಿಳಿತವೇ ಸಪಾಟಾಗಿಬಿಡುತ್ತದೆ. ವಿಎಲ್‌ಸಿ ಪ್ಲೇಯರ್ ಧ್ವನಿಯನ್ನು ನೂರು ಪ್ರತಿಶತಕ್ಕಿಂತ ಮೇಲೆ ಏರಿಸಬಲ್ಲದು. ಮೆಲ್ಲಗೆ ರೆಕಾರ್ಡ್ ಆದ ಫೈಲ್‌ಗಳಿಗೆ ಇದು ಒದಗುತ್ತದೆಯಾದರೂ ಸದಾ ಅಲ್ಲೇ ಇಟ್ಟರೆ ಧ್ವನಿ ಒಡೆಯುತ್ತದೆ.

5.1 ಎಂದರೆ ಏನು?

ಮುಂದೆ ಎಡ, ಬಲ ಮತ್ತು ನಡುವೆ ಮೂರು ಸ್ಪೀಕರ್, ಕೇಳುಗನ ಎರಡು ಪಕ್ಕಗಳಲ್ಲಿ ತುಸು ಹಿಂದಕ್ಕೆ ಎರಡು ಸ್ಪೀಕರ್, ಒಟ್ಟು ಐದು. ಉಳಿದ ‘.1’ ಎಂಬುದು ತಗ್ಗಿನ ಸ್ವರಕ್ಕಷ್ಟೇ ಮೀಸಲಾದ ಚಾನಲ್, ಅದನ್ನು ಸಬ್‌ವೂಫರ್ ನುಡಿಸುತ್ತದೆ. 7.1 ಎಂದರೆ ಹಿಂದೆ ಇನ್ನೆರಡು ಸ್ಪೀಕರ್ ಸೇರುತ್ತವೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಎಂಬ ತಂತ್ರಜ್ಞಾನ ತಲೆಯ ಮೇಲಿನಿಂದಲೂ ಧ್ವನಿ ಬರುವಂತೆ ಮಾಡಿತು.

ಹೋಮ್ ಥಿಯೇಟರ್ ತಂದು ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ಗೆ ಸೇರಿಸಿದ್ದೇನೆ. ಐದೂ ಸ್ಪೀಕರ್‌ಗಳಲ್ಲಿ ಧ್ವನಿ ಬರುತ್ತಿದೆ. ಇದು ಸರೌಂಡ್ ಅಲ್ಲವೇ?

ಅಲ್ಲ. ನನಗೆ ಅತಿ ಹೆಚ್ಚು ಬೇಸರ ತರಿಸುವ ಪ್ರಶ್ನೆ ಇದು, ಏಕೆಂದರೆ ಹಣ ಖರ್ಚಾದ ಮೇಲೆ ಮಾತ್ರ ಜನ ಇದನ್ನು ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಪೆಟ್ಟಿಗೆಯ ಮೇಲಿನ ದೊಡ್ಡ ‘5.1’ ನೋಡಿಯೇ ನಮ್ಮೂರಿನ ಅಂಗಡಿಯೊಂದರಿಂದ ಇಂಥದ್ದೊಂದನ್ನು ಮನೆಗೆ ತಂದವನು. ಅಂಗಡಿಯಲ್ಲಿ ಐದೂ ಸ್ಪೀಕರ್ ಹಾಡಿದ್ದನ್ನು ಕೇಳಿಸಿಕೊಂಡು ಬಂದಿದ್ದೆ. ಐದೂ ಒಂದೇ ಹಾಡನ್ನು ಒಂದೇ ರೀತಿ ಹಾಡುತ್ತಿವೆ ಎಂಬುದು ಮನೆಗೆ ಬಂದು ಒಂದೊಂದಕ್ಕೂ ಕಿವಿ ಕೊಟ್ಟಾಗ ತಿಳಿಯಿತು.

ಕಾರಣ ತಿಳಿಯಬೇಕಾದರೆ ಆಕ್ಸ್ ಕೇಬಲ್‌ನ 3.5 ಮಿ.ಮೀ. ಪಿನ್ನನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಲೋಹದ ಮೇಲೆ ಎರಡು ಕಪ್ಪು ಉಂಗುರಗಳು ಕಾಣುತ್ತವೆ. ಎರಡು ಉಂಗುರಗಳು ಪಿನ್ನನ್ನು ಮೂರು ತುಂಡುಗಳಾಗಿ ಬೇರ್ಪಡಿಸುತ್ತವೆ: ತುದಿ ಎಡಕ್ಕೆ, ನಡುವಿನದು ಬಲಕ್ಕೆ, ಬುಡ ಎರಡಕ್ಕೂ ಸಾಮಾನ್ಯವಾದ ಗ್ರೌಂಡ್. ಮೊಬೈಲ್ ಇಯರ್‌ಫೋನ್‌ನ ಪಿನ್ನಿನಲ್ಲಿ ಮೂರು ಉಂಗುರಗಳಿದ್ದರೆ ಹೆಚ್ಚಿನ ಆ ಒಂದು ತುಂಡು ಮೈಕ್‌ಗೆ. ಮೂರನೆಯ ಚಾನಲ್ ಹಾಯಲು ಅಲ್ಲಿ ಜಾಗವೇ ಇಲ್ಲ ಎಂಬುದು ಕಣ್ಣಿಗೇ ಕಾಣುವಾಗ ಆರು ಚಾನಲ್‌ಗಳ ಮಾತೆಲ್ಲಿ? ಇಂಥ ಒಂದೇ ಪಿನ್ನಿನಿಂದ ಬಂದ ಎಡ ಬಲ ಎರಡನ್ನೇ ಹೋಮ್ ಥಿಯೇಟರ್ ಹಿಂದಿನ ಸ್ಪೀಕರ್‌ಗಳಿಗೂ ನಕಲು ಮಾಡಿ ಕಳುಹಿಸುತ್ತದೆ, ಎರಡನ್ನೂ ಬೆರೆಸಿ ನಡುವಿನದಕ್ಕೆ ಕೊಡುತ್ತದೆ.

ಕೊಳ್ಳುವ ಮೊದಲು ಪೆಟ್ಟಿಗೆಯ ಹಿಂಭಾಗವನ್ನು ತಿರುಗಿಸಿ ನೋಡಿ. ಒಳಬರುವ ದಾರಿ ಬರೀ ಆಕ್ಸ್, ಬ್ಲೂಟೂತ್ ಮತ್ತು ಪೆನ್‌ಡ್ರೈವ್ ಆಗಿದ್ದರೆ ಲ್ಯಾಪ್‌ಟಾಪ್‌ನ ಮಟ್ಟಿಗೆ ಅದು ಸ್ಟೀರಿಯೋ, ಅಂದರೆ ಎರಡೇ ಚಾನಲ್‌ನ ಯಂತ್ರವೇ. ಆರು ಬೇರೆಬೇರೆ ಆರ್‌ಸಿಎ (ದುಂಡನೆಯ ಆಡಿಯೋ ಪಿನ್ನಿನ) ತೂತುಗಳೋ, ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಕೇಬಲ್) ಅಥವಾ ಆಪ್ಟಿಕಲ್ (ಬೆಳಕಿನ ಮೂಲಕ ಧ್ವನಿ ಒಯ್ಯುವ ಕೇಬಲ್) ಇನ್‌ಪುಟ್ಟೋ ಇದ್ದು, ಎಚ್‌ಡಿಎಂಐ ಅಥವಾ ಆಪ್ಟಿಕಲ್ ಆದರೆ ಡಾಲ್ಬಿ ಡಿಜಿಟಲ್, ಅಂದರೆ ಕುಗ್ಗಿಸಿಟ್ಟ 5.1 ಧ್ವನಿಯನ್ನು ಬಿಡಿಸುವ ಡಿಕೋಡರ್ ಇದೆಯೆಂದು ಬರೆದಿದ್ದರೆ ಮಾತ್ರ ಮುಂದಿನ ಮಾತು.

ಹಾಗಾದರೆ ಲ್ಯಾಪ್‌ಟಾಪ್‌ನಿಂದ ಆರು ಚಾನಲ್‌ಗಳನ್ನು ಹೊರತರುವ ದಾರಿ ಯಾವುದು?

ಮೊದಲನೆಯದು ಮತ್ತು ನನ್ನ ಅಭಿಪ್ರಾಯದಲ್ಲಿ ಉತ್ತಮವಾದದ್ದು ಎಚ್‌ಡಿಎಂಐ. ಒಂದೇ ಕೇಬಲ್ ಎಂಟು ಚಾನಲ್‌ಗಳವರೆಗೆ ಧ್ವನಿಯನ್ನು ಕುಗ್ಗಿಸದೆ ಸಾಗಿಸುತ್ತದೆ. ಎವಿ ರಿಸೀವರ್ (ಧ್ವನಿಯನ್ನು ಬಿಡಿಸಿ ಎಲ್ಲ ಸ್ಪೀಕರ್‌ಗಳಿಗೆ ಕಳುಹಿಸುವ ಆಂಪ್ಲಿಫೈಯರ್) ಇದ್ದವರು ಲ್ಯಾಪ್‌ಟಾಪನ್ನು ನೇರವಾಗಿ ಅದಕ್ಕೆ ಸೇರಿಸಿ, ಅಲ್ಲಿಂದ ಟಿವಿಗೆ ಇನ್ನೊಂದು ಕೇಬಲ್ ಎಳೆದರೆ ಕೆಲಸ ಮುಗಿಯಿತು. ಎಚ್‌ಡಿಎಂಐ ಕಿಂಡಿಯಿಲ್ಲದ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಕಿಂಡಿಯಿಂದ ಅಡಾಪ್ಟರ್ ಮೂಲಕ ಇದನ್ನು ಪಡೆಯಬಹುದು. ಆದರೆ ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಮತ್ತು ಧ್ವನಿಯನ್ನು ಹೊರಗೆ ಕೊಡುವುದಿಲ್ಲ. ಕೆಲವು ಚಾರ್ಜ್ ಮಾಡಲು, ಫೈಲ್ ಸಾಗಿಸಲು ಮಾತ್ರ ಇರುತ್ತವೆ. ಅಡಾಪ್ಟರ್ ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಮಾದರಿಯ ವಿವರ ನೋಡಿಕೊಳ್ಳಿ.

ಎರಡನೆಯದು ಯುಎಸ್‌ಬಿ ಸೌಂಡ್ ಕಾರ್ಡ್. ನಿಜವಾದ 5.1 ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ತೂತುಗಳಿರುತ್ತವೆ: ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿನ ಸ್ಪೀಕರ್ ಹಾಗೂ ಸಬ್‌ವೂಫರ್‌ಗೆ. ಒಂದೊಂದರಲ್ಲಿ ಎರಡರಂತೆ ಆರು ಚಾನಲ್ ಆಯಿತು. ಪೆನ್‌ಡ್ರೈವ್‌ನಷ್ಟು ಗಾತ್ರದ, ‘7.1’ ಎಂದು ಅಚ್ಚಾಗಿರುವ, ಹಸಿರು ಮತ್ತು ಗುಲಾಬಿ ಬಣ್ಣದ ಎರಡೇ ತೂತುಗಳ ಅಗ್ಗದ ಕಾರ್ಡ್‌ಗಳು ಬೇಕಾದಷ್ಟು ಸಿಗುತ್ತವೆ. ಗುಲಾಬಿ ಮೈಕ್‌ನದು, ಹಸಿರು ಸ್ಟೀರಿಯೋ. ಅಲ್ಲಿಗೆ ಎರಡೇ ಚಾನಲ್. ಲ್ಯಾಪ್‌ಟಾಪ್‌ನ ಜ್ಯಾಕ್ ಕೆಟ್ಟಾಗ ಬದಲಿಗೆ ಬಳಸಲು ಅವು ಉಪಯುಕ್ತ, ಸರೌಂಡ್‌ಗಲ್ಲ.

ಮೂರನೆಯದು ಆಪ್ಟಿಕಲ್. ಅದು ಸ್ಟೀರಿಯೋವನ್ನು ಹಾಗೆಯೇ ಒಯ್ಯುತ್ತದೆ, 5.1 ಆದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಕುಗ್ಗಿಸಿ ಮಾತ್ರ ಒಯ್ಯುತ್ತದೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಕಿಂಡಿ ಅಪರೂಪವಾಗಿರುವುದರಿಂದ ಇದಕ್ಕೂ ಯುಎಸ್‌ಬಿ ಕಾರ್ಡೇ ಬೇಕಾಗುತ್ತದೆ.

ಲ್ಯಾಪ್‌ಟಾಪನ್ನು ಟಿವಿಗೆ, ಟಿವಿಯನ್ನು ಸೌಂಡ್‌ಬಾರ್‌ಗೆ ಸೇರಿಸಿದ್ದೇನೆ. ಆದರೂ ವಿಂಡೋಸ್ ಸ್ಟೀರಿಯೋ ಎಂದೇ ತೋರಿಸುತ್ತದೆ. ಏಕೆ?

ಎಚ್‌ಡಿಎಂಐ ಸೇರಿಸಿದ ಕೂಡಲೇ ಲ್ಯಾಪ್‌ಟಾಪ್ ಎದುರಿನ ಯಂತ್ರವನ್ನು ‘ನೀನು ಏನೇನು ಸ್ವೀಕರಿಸಬಲ್ಲೆ’ ಎಂದು ಕೇಳಿ ತಿಳಿದುಕೊಳ್ಳುತ್ತದೆ. ಟಿವಿಗೆ ಇರುವುದು ಎರಡೇ ಸ್ಪೀಕರ್ ಆದ್ದರಿಂದ ಅನೇಕ ಟಿವಿಗಳು ‘ಎರಡು ಚಾನಲ್’ ಎಂದು ಉತ್ತರಿಸುತ್ತವೆ. ಹಿಂದೆ ಸೌಂಡ್‌ಬಾರ್ ಇರುವ ಸಂಗತಿ ಲ್ಯಾಪ್‌ಟಾಪ್‌ಗೆ ತಿಳಿಯುವುದೇ ಇಲ್ಲ. ಇದರ ಮೇಲೆ ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ಎಆರ್‌ಸಿ ಎಂಬ ಎಚ್‌ಡಿಎಂಐ ದಾರಿಯೂ ಕಿರಿದು: ಕುಗ್ಗಿಸಿದ 5.1 ಹೋಗುತ್ತದೆ, ಕುಗ್ಗಿಸದ್ದಾದರೆ ಸ್ಟೀರಿಯೋ ಮಾತ್ರ. 2017ರ ಎಚ್‌ಡಿಎಂಐ 2.1ರೊಂದಿಗೆ ಬಂದ, ಅದರ ಸುಧಾರಿತ ರೂಪವಾದ ಇಎಆರ್‌ಸಿಯಲ್ಲಿ ಈ ಅಡಚಣೆ ಇಲ್ಲ, ಆದರೆ ಟಿವಿ ಮತ್ತು ಸೌಂಡ್‌ಬಾರ್ ಎರಡರಲ್ಲೂ ಅದು ಇರಬೇಕು.

ಸೌಂಡ್‌ಬಾರ್‌ನಲ್ಲಿ ‘ಎಚ್‌ಡಿಎಂಐ ಇನ್’ ಎಂಬ ಕಿಂಡಿ ಇದ್ದರೆ ಲ್ಯಾಪ್‌ಟಾಪನ್ನು ಅಲ್ಲಿಗೇ ಸೇರಿಸಿ. ಇಲ್ಲದಿದ್ದರೆ ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಪಾಸ್‌ಥ್ರೂ ಅಥವಾ ಬಿಟ್‌ಸ್ಟ್ರೀಮ್ (ಬಂದ ಧ್ವನಿಯನ್ನು ಹಾಗೆಯೇ ಮುಂದೆ ಕಳುಹಿಸುವ ಆಯ್ಕೆ) ಆಯ್ದು, ವಿಎಲ್‌ಸಿಯ ಆಡಿಯೋ ಪ್ರಿಫರೆನ್ಸ್‌ನಲ್ಲೂ ಪಾಸ್‌ಥ್ರೂ ಆರಿಸಿದರೆ, ಟಿವಿ ಡಾಲ್ಬಿ ಡಿಜಿಟಲ್ ಅನ್ನು ಒಪ್ಪುವಂಥದ್ದಾದಲ್ಲಿ, ಫೈಲ್‌ನಲ್ಲಿರುವ ಕುಗ್ಗಿಸಿದ ಧ್ವನಿಯ ಕಟ್ಟು ಬಿಚ್ಚದೆಯೇ ಸೌಂಡ್‌ಬಾರ್ ತಲುಪುತ್ತದೆ.

ವಿಂಡೋಸ್‌ನಲ್ಲಿ 5.1 ಆಯ್ಕೆ ಎಲ್ಲಿದೆ?

ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ಅದರ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್. ಪ್ಲೇಬ್ಯಾಕ್ ಪಟ್ಟಿಯಲ್ಲಿ ನಿಮ್ಮ ರಿಸೀವರ್ ಅಥವಾ ಕಾರ್ಡನ್ನು ಆರಿಸಿ ಕಾನ್ಫಿಗರ್ ಒತ್ತಿ, 5.1 ಆಯ್ದು, ಟೆಸ್ಟ್ ಒತ್ತಿದರೆ ಒಂದೊಂದೇ ಸ್ಪೀಕರ್ ಸರದಿಯಂತೆ ನುಡಿಯುತ್ತದೆ. ಈ ಪರೀಕ್ಷೆಯಲ್ಲಿ ಪರದೆಯ ಮೇಲೆ ಬೆಳಗಿದ ಸ್ಪೀಕರೇ ಕೋಣೆಯಲ್ಲೂ ನುಡಿದರೆ ಕೇಬಲ್‌ಗಳು ಸರಿಯಾಗಿವೆ. ಬಹಳ ಮನೆಗಳಲ್ಲಿ ಎಡ ಬಲ ಅದಲುಬದಲಾಗಿರುವುದು ತಿಳಿಯುವುದೇ ಇಲ್ಲಿ. ಮ್ಯಾಕ್‌ನಲ್ಲಿ ಇದೇ ಕೆಲಸವನ್ನು ಆಡಿಯೋ ಮಿಡಿ ಸೆಟಪ್ ಮಾಡುತ್ತದೆ.

ಹಾಡು ಚೆನ್ನಾಗಿ ಕೇಳಿಸುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಸ್ಪೀಕರ್ ಹಾಳಾಗಿದೆಯೇ?

ಶಿರಾ ಗೇಟ್ ಕಡೆಯಿಂದ ಹಿರಿಯರೊಬ್ಬರು ಇದೇ ದೂರಿನೊಂದಿಗೆ ಬಂದಿದ್ದರು. ‘ಸ್ವಾಮಿ, ಮ್ಯೂಸಿಕ್ ಬರ್ತದೆ, ಮಳೆ ಸದ್ದು ಬರ್ತದೆ, ಮನುಷ್ಯರು ಮಾತಾಡೋದು ಮಾತ್ರ ಎಲ್ಲೋ ಬಾವಿಯೊಳಗಿಂದ ಕೇಳಿಸಿದ ಹಾಗಿದೆ’ ಎಂದರು. ಸ್ಪೀಕರ್ ಬದಲಾಯಿಸಬೇಕೆಂದು ಬೇರೆಡೆ ಹೇಳಿದ್ದರಂತೆ. ಅವರ ಮಾತಿನಲ್ಲೇ ಉತ್ತರವಿತ್ತು. ಚಿತ್ರದ 5.1 ಧ್ವನಿಯಲ್ಲಿ ಸಂಭಾಷಣೆಯ ಬಹುಭಾಗ ನಡುವಿನ ಚಾನಲ್‌ನಲ್ಲಿರುತ್ತದೆ. ಅವರ ವಿಂಡೋಸ್‌ನಲ್ಲಿ ಯಾರೋ 5.1 ಎಂದು ಆಯ್ದಿದ್ದರು, ಸೇರಿಸಿದ್ದ ಸ್ಪೀಕರ್ ಎರಡೇ. ನಡುವಿನ ಚಾನಲ್ ಇಲ್ಲದ ಸ್ಪೀಕರ್‌ಗೆ ಹೋಗಿ ಮಾಯವಾಗುತ್ತಿತ್ತು. ಅಕ್ಕಪಕ್ಕದ ಚಾನಲ್‌ಗಳಿಗೆ ಸೋರಿದ ಮಾತಷ್ಟೇ ಅವರ ಕಿವಿ ತಲುಪುತ್ತಿತ್ತು. ಸ್ಟೀರಿಯೋ ಎಂದು ಬದಲಾಯಿಸಿದ ಕೂಡಲೇ ಪ್ಲೇಯರ್ ಆರನ್ನೂ ಎರಡಕ್ಕೆ ಬೆರೆಸಿ ಕೊಟ್ಟಿತು, ಮಾತು ಮರಳಿ ಬಂತು. ಅವರಿಂದ ಹಣ ಪಡೆಯಲು ಮನಸ್ಸಾಗಲಿಲ್ಲ.

ಸೆಟ್ಟಿಂಗ್ ಸರಿಯಿದ್ದೂ ಮಾತು ಮೆಲ್ಲಗಿದ್ದರೆ, ನಿಜವಾದ 5.1 ಇರುವವರು ನಡುವಿನ ಸ್ಪೀಕರ್‌ನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿಕೊಳ್ಳಲಿ. ಎರಡೇ ಸ್ಪೀಕರ್ ಇರುವವರಿಗೆ ಮೇಲೆ ಹೇಳಿದ ಲೌಡ್‌ನೆಸ್ ಈಕ್ವಲೈಸೇಷನ್ ಇದೆ.

ಬ್ಲೂಟೂತ್ ಮೂಲಕ ಸರೌಂಡ್ ಸಿಗುತ್ತದೆಯೇ?

ಸಂಗೀತ ಸಾಗಿಸಲು ಸಾಮಾನ್ಯ ಬ್ಲೂಟೂತ್ ಬಳಸುವ ಎ2ಡಿಪಿ ವಿಧಾನದಲ್ಲಿ ಇರುವುದೇ ಸ್ಟೀರಿಯೋ. ಇನ್ನೊಂದು ದೂರನ್ನೂ ಇಲ್ಲೇ ಬಗೆಹರಿಸುತ್ತೇನೆ. ಆನ್‌ಲೈನ್ ತರಗತಿ ಅಥವಾ ಸಂದರ್ಶನ ಆರಂಭವಾದೊಡನೆ ಬ್ಲೂಟೂತ್ ಹೆಡ್‌ಫೋನ್‌ನ ಧ್ವನಿ ಹಳೆಯ ಫೋನಿನಂತೆ ಒರಟಾಗುತ್ತದೆ ಎಂದು ಇಲ್ಲಿನ ಕಾಲೇಜು ವಿದ್ಯಾರ್ಥಿಗಳು ಹೇಳುತ್ತಿರುತ್ತಾರೆ. ಹೆಡ್‌ಫೋನ್‌ನ ಮೈಕ್ ಚಾಲೂ ಆದಾಗ ಸಂಪರ್ಕವು ಕರೆಗಳ ವಿಧಾನಕ್ಕೆ ಬದಲಾಗಿ, ಎರಡು ಚಾನಲ್ ಒಂದಾಗುವುದೇ ಅದಕ್ಕೆ ಕಾರಣ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದ್ದೇ ಮೈಕನ್ನು ಆರಿಸಿದರೆ ಹೆಡ್‌ಫೋನ್ ತನ್ನ ಒಳ್ಳೆಯ ಧ್ವನಿಯಲ್ಲೇ ಉಳಿಯುತ್ತದೆ.

ಹೆಡ್‌ಫೋನ್‌ನಲ್ಲಿ ಇರುವುದು ಎರಡೇ ಸ್ಪೀಕರ್. ಅದರಲ್ಲಿ ಸರೌಂಡ್ ಎಂಬುದು ನಿಜವೇ?

ನಿಜ, ಮತ್ತು ಕಡಿಮೆ ಖರ್ಚಿನಲ್ಲಿ ಸರೌಂಡ್ ಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ನಮಗೂ ಇರುವುದು ಎರಡೇ ಕಿವಿ. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ಎಡಗಿವಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ತಡವಾಗಿ ಮುಟ್ಟುತ್ತದೆ. ನಡುವೆ ತಲೆ ಅಡ್ಡವಿರುವುದರಿಂದ ಕ್ಷೀಣವಾಗಿಯೂ ಇರುತ್ತದೆ. ಹೊರಗಿವಿಯ ಮಡಿಕೆಗಳು ಹಿಂದು ಮುಂದನ್ನು ಗುರುತಿಸಲು ನೆರವಾಗುತ್ತವೆ. ಈ ವ್ಯತ್ಯಾಸಗಳನ್ನು ಲೆಕ್ಕ ಹಾಕಿ ಎರಡು ಚಾನಲ್‌ಗಳಲ್ಲೇ ಹೆಣೆದರೆ ಮೆದುಳು ದಿಕ್ಕನ್ನು ಕಲ್ಪಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಸ್ಪೇಷಿಯಲ್ ಸೌಂಡ್ ಎಂಬಲ್ಲಿ ವಿಂಡೋಸ್ ಸೋನಿಕ್ ಉಚಿತವಾಗಿಯೇ ಇದೆ. ಡಾಲ್ಬಿ ಅಟ್ಮಾಸ್ ಫಾರ್ ಹೆಡ್‌ಫೋನ್ಸ್‌ಗೆ ಹಣ ಕೊಡಬೇಕು. ಕಿವಿಯ ಆಕಾರ ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಎಲ್ಲರಿಗೂ ಒಂದೇ ಫಲ ಸಿಗದು. ಮೊದಲು ಉಚಿತವಾದದ್ದನ್ನು ಪ್ರಯತ್ನಿಸಿ.

ಹಳೆಯ ನಾಟಕ, ಹಾಡುಗಳ ರೆಕಾರ್ಡಿಂಗ್ ಇವೆ. ಅವುಗಳನ್ನು 5.1 ಮಾಡಿಕೊಡುತ್ತೀರಾ?

ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಈ ಪ್ರಶ್ನೆ ಬರುವುದು ಸಹಜ. ಒಂದು ಅಥವಾ ಎರಡು ಚಾನಲ್‌ನಲ್ಲಿ ಮುದ್ರಿತವಾದದ್ದನ್ನು ಆರಕ್ಕೆ ಹರಡುವ ಸಾಫ್ಟ್‌ವೇರ್‌ಗಳಿವೆ, ಆದರೆ ಅವು ಊಹಿಸಿ ಹಂಚುತ್ತವೆಯೇ ಹೊರತು ಹೊಸದೇನನ್ನೂ ತರುವುದಿಲ್ಲ. ನಾಟಕವಾಗಲಿ ಮೂಡಲಪಾಯ ಯಕ್ಷಗಾನವಾಗಲಿ, ಪಾತ್ರಧಾರಿಗಳೂ ಹಿಮ್ಮೇಳವೂ ಪ್ರೇಕ್ಷಕನ ಎದುರಿಗೇ ಇರುತ್ತಾರೆ. ಅವರ ದನಿ ಹಿಂದಿನ ಗೋಡೆಯಿಂದ ಬಂದರೆ ಕಿವಿಗೆ ಒಗ್ಗುವುದಿಲ್ಲ. ಇಂಥವುಗಳಿಗೆ ಎರಡು ಒಳ್ಳೆಯ ಸ್ಪೀಕರ್ ಸಾಕು. ಅದೇ ಹಣದಲ್ಲಿ ಆರು ಸಾಧಾರಣ ಸ್ಪೀಕರ್‌ಗಳು ಸಿಗುವುದಾದರೂ ನಾನು ಎರಡು ಒಳ್ಳೆಯವನ್ನೇ ಕೊಳ್ಳುತ್ತೇನೆ.

ಸ್ಪೀಕರ್‌ಗಳನ್ನು ಕೋಣೆಯಲ್ಲಿ ಎಲ್ಲೆಲ್ಲಿ ಇಡಬೇಕು?

ಮುಂದಿನ ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಮೂರೂ ಬದಿ ಸಮನಾದ ತ್ರಿಕೋನವಾಗಲಿ. ಅಂದರೆ ನಿಮ್ಮ ನೇರ ನೋಟದಿಂದ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ. ಪಕ್ಕದ ಜೋಡಿಯನ್ನು ಜನ ಹಿಂದಿನ ಗೋಡೆಯ ಮೂಲೆಗಳಿಗೆ ಏರಿಸಿಬಿಡುತ್ತಾರೆ. ಅವು ಇರಬೇಕಾದದ್ದು 100ರಿಂದ 120 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪವೇ ಹಿಂದೆ. ಸಬ್‌ವೂಫರನ್ನು ಮೂಲೆಗೆ ತಳ್ಳಿದಷ್ಟೂ ಗುಡುಗು ಹೆಚ್ಚುತ್ತದೆ, ಸ್ಪಷ್ಟತೆ ಕುಂದುತ್ತದೆ. ಅಟ್ಟದ ಮೇಲಿನ ಸ್ಟೀಲ್ ಪಾತ್ರೆಗಳು ದನಿಗೂಡಿಸತೊಡಗಿದರೆ ಅದನ್ನು ಮೂಲೆಯಿಂದ ಒಂದೆರಡು ಅಡಿ ಈಚೆಗೆ ಎಳೆಯಿರಿ.

ಜಾಗದಷ್ಟೇ ಮುಖ್ಯವಾದದ್ದು ಗೋಡೆ ಮತ್ತು ನೆಲ. ಈಗಿನ ಆರ್‌ಸಿಸಿ ಮನೆಗಳಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ನೆಲ, ನುಣುಪಾದ ಗೋಡೆ, ಚಪ್ಪಟೆ ಸೂರು ಎಲ್ಲವೂ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಬಾಲ ಹಚ್ಚಿದಂತೆ ‘ಝರ್’ ಎಂಬ ಮರುದನಿ ಕೇಳಿಸಿದರೆ ಎಷ್ಟು ದುಬಾರಿ ಸ್ಪೀಕರ್ ತಂದರೂ ಮಾತು ಕಲಸಿಕೊಳ್ಳುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಹೆಂಚಿನ ಮನೆಗಳಲ್ಲಿ ನನಗೆ ಈ ತೊಂದರೆ ಅಷ್ಟಾಗಿ ಕಂಡಿಲ್ಲ. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ಭಾರವಾದ ಪರದೆ, ಸ್ಪೀಕರ್ ಎದುರಿನ ಗೋಡೆಗೆ ಪುಸ್ತಕದ ಬೀರು ಇದ್ದರೆ ಸಾಕಷ್ಟು ಸುಧಾರಿಸುತ್ತದೆ. ನನ್ನ ಮನೆಯಲ್ಲಿ ಶಿರಾ ಕಡೆಯ ಕುರಿ ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಿಂದಿನ ಗೋಡೆಗೆ ತೂಗುಹಾಕಿದ್ದೇನೆ. ಚಪ್ಪಾಳೆಯ ಬಾಲ ಅಂದೇ ತುಂಡಾಯಿತು.

ಸ್ಪೀಕರ್‌ನಲ್ಲಿ ಸದಾ ‘ಗುಂಯ್’ ಎಂಬ ಸದ್ದು ಬರುತ್ತದೆ. ಏನು ಮಾಡಲಿ?

ಲ್ಯಾಪ್‌ಟಾಪ್‌ನ ಚಾರ್ಜರನ್ನು ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಗ್ರೌಂಡ್ ಲೂಪ್: ಚಾರ್ಜರ್ ಮತ್ತು ಆಂಪ್ಲಿಫೈಯರ್ ಬೇರೆಬೇರೆ ಸಾಕೆಟ್‌ಗಳಿಂದ ಅರ್ತ್ ಪಡೆದು, ನಡುವಿನ ಆಡಿಯೋ ಕೇಬಲ್ ಮೂಲಕ ಒಂದು ಸುತ್ತು ಏರ್ಪಡುತ್ತದೆ, ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಅಲ್ಲಿ ದನಿಯಾಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸೇರಿಸಿ. ಆಗಲೂ ಉಳಿದರೆ ಆಕ್ಸ್ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಸಾಧನ ಹಾಕಬೇಕು. ಅರ್ತ್ ಪಿನ್ನನ್ನು ಮುರಿದು ಹಾಕಿದರೆ ಸದ್ದು ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ; ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ. ಕರೆಂಟ್ ಹೋದಾಗ ಮಾತ್ರ ಸದ್ದು ಬರುವುದಾದರೆ ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬಹುದು. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಬಹಳ ಕಡಿಮೆ.

ಎಷ್ಟು ಜೋರಾಗಿ ಇಡಬಹುದು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಜೋರು ಹೆಚ್ಚಿದಂತೆ ಆ ಅವಧಿ ಬೇಗಬೇಗ ಕಿರಿದಾಗುತ್ತದೆ. ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಸಬ್‌ವೂಫರ್‌ನ ತಗ್ಗಿನ ಸ್ವರ ಗೋಡೆ ದಾಟುವಷ್ಟು ಬೇರೆ ಯಾವುದೂ ದಾಟದ ಕಾರಣ ರಾತ್ರಿ ಮೊದಲು ತಗ್ಗಿಸಬೇಕಾದದ್ದು ಅದನ್ನೇ.

ಲ್ಯಾಪ್‌ಟಾಪ್‌ನ ಸ್ಪೀಕರ್ ಕರಕರ ಎನ್ನುತ್ತಿದೆ. ದುರಸ್ತಿ ಸಾಧ್ಯವೇ?

ಮೊದಲು ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲೂ ಕರಕರ ಬಂದರೆ ಡ್ರೈವರ್ ಸಾಫ್ಟ್‌ವೇರ್ ಅಥವಾ ಸೆಟ್ಟಿಂಗ್‌ನ ತೊಂದರೆ; ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆಡಿಯೋ ಡ್ರೈವರನ್ನು ಹೊಸದಾಗಿ ಹಾಕಿ, ಎಲ್ಲ ಎನ್‌ಹಾನ್ಸ್‌ಮೆಂಟ್‌ಗಳನ್ನು ತೆಗೆದು ನೋಡಬೇಕು. ಹೆಡ್‌ಫೋನ್‌ನಲ್ಲಿ ಧ್ವನಿ ಶುದ್ಧವಾಗಿದ್ದರೆ ದೋಷ ಸ್ಪೀಕರ್‌ನದೇ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಒಂದರಿಂದ ಬಂದ ಲ್ಯಾಪ್‌ಟಾಪನ್ನು ಬಿಚ್ಚಿದಾಗ ಸ್ಪೀಕರ್ ಪೊರೆಯ ಸುತ್ತ ಸಣ್ಣ ಕಪ್ಪು ಮುಳ್ಳುಗಳು ಎದ್ದು ನಿಂತಿದ್ದವು: ಗ್ರೈಂಡರ್‌ನಿಂದ ಹಾರಿದ ಕಬ್ಬಿಣದ ಪುಡಿ, ಸ್ಪೀಕರ್‌ನ ಅಯಸ್ಕಾಂತಕ್ಕೆ ಸೆಳೆದುಕೊಂಡು ಹಾಗೆ ನಿಂತಿತ್ತು. ಗಮ್ ಟೇಪ್‌ನ ಅಂಟು ಬದಿಯನ್ನು ಮೆಲ್ಲಗೆ ತಾಗಿಸಿ ತಾಗಿಸಿ ಅಷ್ಟನ್ನೂ ಎತ್ತಿದ ಮೇಲೆ ಧ್ವನಿ ಸರಿಹೋಯಿತು. ಪೊರೆಯೇ ಹರಿದಿದ್ದರೆ ಅಂಟಿಸಿ ಪ್ರಯೋಜನವಿಲ್ಲ, ಜೋಡಿಯನ್ನೇ ಬದಲಾಯಿಸಬೇಕು. ಬಹುತೇಕ ಮಾದರಿಗಳಿಗೆ ಬಿಡಿಭಾಗ ಸಿಗುತ್ತದೆ; ಲ್ಯಾಪ್‌ಟಾಪ್‌ನ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಪೂರ್ತಿಯಾಗಿ ಬರೆದುಕೊಂಡು ಬನ್ನಿ, ಒಂದು ಅಕ್ಷರ ತಪ್ಪಿದರೂ ಬೇರೆಯದೇ ಸ್ಪೀಕರ್ ಬರುತ್ತದೆ.